ಬೆಳ್ಳಿತೆರೆಯ ಬಾಹುಬಲ

ಬಲ ಎಂಬ ಮಾತಿಗೆ ಕನ್ನಡದಲ್ಲಿ ಒಡನಾಡಿಗಳು ಹಲವರು. ತೋಳ್ಬಲ, ಮನೋಬಲ, ಜನಬಲ, ದೈವಬಲ ಎಂದು ನಾವು ಬಲವನ್ನು ಬಗೆಬಗೆಯಾಗಿ ವಿಂಗಡಿಸಿಕೊಂಡಿದ್ದೇವೆ. ಗಂಡಸಾದವನಿಗೆ ಇವುಗಳಲ್ಲಿ ಯಾವುದು ಮೊದಲು ಇರಬೇಕು, ಯಾವುದು ಯಾವುದಕ್ಕೆ ತಲೆಬಾಗಬೇಕು ಎಂಬುದು ಹಳೆಯ ಪ್ರಶ್ನೆ. ಒಂದು ಕಾಲಕ್ಕೆ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವರು ಕವಿಗಳು, ಪುರಾಣಿಕರು ಮತ್ತು ಬಯಲಾಟದ ಭಾಗವತರು. ಇಪ್ಪತ್ತನೆಯ ಶತಮಾನದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಸಿನಿಮಾ ವಹಿಸಿಕೊಂಡಿತು. ತೆರೆಯ ಮೇಲೆ ಕಿರೀಟ ಧರಿಸಿ ನಿಂತವನ ನಿಲುವು, ನಡೆ, ಗರ್ಜನೆಗಳನ್ನು ಮರುದಿನ ಬೀದಿಯ ಹುಡುಗರು ಅನುಕರಿಸುತ್ತಿದ್ದರು. ಆದಕಾರಣ ಪೌರಾಣಿಕ ಚಿತ್ರಗಳನ್ನು ಕೇವಲ ಮನರಂಜನೆಯೆಂದು ಎಣಿಸಿ ಬದಿಗಿಡುವುದು ಸರಿಯಲ್ಲ. ಪೌರುಷವೆಂದರೇನು, ಪ್ರಭುತ್ವವೆಂದರೇನು ಎಂಬ ಪಾಠವನ್ನು ಲಕ್ಷಾಂತರ ಜನ ಕಲಿತದ್ದು ಅಲ್ಲಿಯೇ.

ಈ ಪಾಠ ಎಲ್ಲ ದೇಶಗಳಲ್ಲೂ ಒಂದೇ ಆಗಿರಲಿಲ್ಲ. ಪಶ್ಚಿಮದ ಬೈಬಲ್ ಚಿತ್ರಗಳನ್ನೂ ನಮ್ಮ ಪೌರಾಣಿಕ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮದರ ಗುಣ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

ಹಾಲಿವುಡ್ಡಿನ ಪ್ರವಾದಿಗಳು

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹದಿನೈದು ಇಪ್ಪತ್ತು ವರ್ಷಗಳು ಅಮೆರಿಕೆಯ ಬೈಬಲ್ ಚಿತ್ರಗಳ ಸುಗ್ಗಿಯ ಕಾಲ. 1949ರಲ್ಲಿ ಸೆಸಿಲ್ ಬಿ. ಡಿಮಿಲ್ ‘ಸ್ಯಾಮ್ಸನ್ ಅಂಡ್ ಡಿಲೈಲಾ’ವನ್ನು ತೆರೆಗೆ ತಂದ. 1953ರಲ್ಲಿ ಬಂದ ‘ದಿ ರೋಬ್’ ಸಿನಿಮಾಸ್ಕೋಪಿನ ಅಗಲವಾದ ತೆರೆಯನ್ನು ಮೊದಲಿಗೆ ಪರಿಚಯಿಸಿತು. 1956ರಲ್ಲಿ ಅದೇ ಡಿಮಿಲ್‌ನ ‘ಟೆನ್ ಕಮಾಂಡ್‌ಮೆಂಟ್ಸ್’, 1959ರಲ್ಲಿ ವಿಲಿಯಂ ವೈಲರನ ‘ಬೆನ್ ಹರ್’ ಬಂದವು. ಬೆನ್ ಹರ್‌ಗೆ 11 ಆಸ್ಕರ್ ಬಹುಮಾನಗಳು ದೊರೆತವು. ಮನೆಮನೆಗೂ ಟೆಲಿವಿಷನ್ ಬಂದು ಚಿತ್ರಮಂದಿರಗಳು ಬಡವಾಗುತ್ತಿದ್ದ ಕಾಲವದು. ಆ ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಸಲಾರದ ಸಮುದ್ರ, ಸೈನ್ಯ, ಅರಮನೆಗಳನ್ನು ತೋರಿಸಿ ಜನರನ್ನು ಮರಳಿ ಸೆಳೆಯಬೇಕಾಗಿತ್ತು. ಅದಕ್ಕೆ ಬೈಬಲ್ಲಿನ ಕಥೆಗಳು ಒದಗಿದವು.

ಕಥೆಗಳ ಹಿಂದೆ ರಾಜಕೀಯವೂ ಇತ್ತು. ‘ಟೆನ್ ಕಮಾಂಡ್‌ಮೆಂಟ್ಸ್’ ಆರಂಭವಾಗುವ ಮೊದಲು ನಿರ್ದೇಶಕನೇ ಪರದೆಯ ಮುಂದೆ ಬಂದು, ಮನುಷ್ಯರನ್ನು ಆಳಬೇಕಾದದ್ದು ದೇವರ ಕಟ್ಟಳೆಯೋ ಅಥವಾ ಸರ್ವಾಧಿಕಾರಿಯ ಮನಬಂದ ಇಚ್ಛೆಯೋ ಎಂಬುದೇ ಚಿತ್ರದ ವಿಷಯವೆಂದು ಸಾರುತ್ತಾನೆ. ಅಮೆರಿಕ ಮತ್ತು ಸೋವಿಯತ್ ರಷ್ಯಗಳ ಶೀತಲ ಸಮರ ನಡೆಯುತ್ತಿದ್ದ ದಿನಗಳಲ್ಲಿ ಈ ಮಾತಿನ ಗುರಿ ಯಾವ ಕಡೆಗೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಯೂಲ್ ಬ್ರಿನ್ನರನ ರಾಮ್ಸೆಸ್ ಎದೆ ಸೆಟೆಸಿ ನಿಂತ ದರ್ಪದ ಮೂರ್ತಿ. ಚಾರ್ಲ್‌ಟನ್ ಹೆಸ್ಟನ್ನನ ಮೋಸೆಸ್ ಅವನಿಗಿಂತ ಒಂದು ಕೈ ಮೇಲಾದ ಕಟ್ಟಾಳು. ಅಂದರೆ ಅಲ್ಲಿ ಧರ್ಮದ ಪಕ್ಷದವನೂ ಮೈಕಟ್ಟಿನಲ್ಲಿ ಕಡಿಮೆಯಾಗಬಾರದು. ಬೆನ್ ಹರ್ ಹುಟ್ಟುಗೋಲಿಗೆ ಕಟ್ಟಿಸಿಕೊಂಡ ಗುಲಾಮನಾಗಿದ್ದರೂ ಅವನ ಭುಜಗಳು ಕುಗ್ಗುವುದಿಲ್ಲ. ಕೊನೆಗೆ ರಥದ ಪಂದ್ಯದಲ್ಲಿ ಗೆದ್ದೇ ಅವನು ತನ್ನ ಮಾನವನ್ನು ಮರಳಿ ಪಡೆಯುತ್ತಾನೆ.

ಹೀಗೆ ಹೇಳಿದ ಮಾತ್ರಕ್ಕೆ ಆ ಚಿತ್ರಗಳಲ್ಲಿ ವಿನಯವಿಲ್ಲವೆಂದು ಅರ್ಥವಲ್ಲ. ‘ಬೆನ್ ಹರ್’ ಚಿತ್ರದಲ್ಲಿ ಕ್ರಿಸ್ತನ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ಬಾಯಾರಿದ ಗುಲಾಮನಿಗೆ ನೀರು ಕೊಡುವ ಕೈ ಕಾಣುತ್ತದೆ. ಆ ಮುಖವನ್ನು ನೋಡಿದ ರೋಮನ್ ಸೈನಿಕನ ಗಲಿಬಿಲಿ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಶಕ್ತಿಯನ್ನು ಕಾಣದಂತೆ ಇಡುವುದು ಒಂದು ಜಾಣತನ. ಆದರೆ ಚಿತ್ರ ನೋಡಿ ಮನೆಗೆ ಹೋದವನ ಮನಸ್ಸಿನಲ್ಲಿ ಉಳಿಯುವುದು ರಥಚಕ್ರದ ಧೂಳು, ಗೆದ್ದವನ ತೋಳು.

ಸೋಲುವವನಿಗೆ ದೊಡ್ಡ ಪಾತ್ರ

ಇನ್ನು ನಮ್ಮ ಕಡೆಗೆ ತಿರುಗೋಣ. 1934ರ ಮಾರ್ಚ್ 3ರಂದು ತೆರೆ ಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ವೈ. ವಿ. ರಾವ್ ನಿರ್ದೇಶಿಸಿದ, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಈ ಚಿತ್ರದಲ್ಲಿ ಆರ್. ನಾಗೇಂದ್ರರಾಯರು ರಾವಣ, ಎಂ. ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕನ್ನಡ ಮೊದಲ ಬಾರಿಗೆ ತೆರೆಯ ಮೇಲೆ ಬಾಯಿ ತೆರೆದಾಗ ಮಾತಾಡಿದ್ದು ಲಂಕೆಯವರ ಬಾಯಲ್ಲಿ. ಚಿತ್ರದ ಹೆಸರೋ ಸೋತ ಪಕ್ಷದ ಹೆಣ್ಣುಮಗಳದು. ರಾಮನ ಜಯವನ್ನು ಹಾಡುವ ಬದಲು ಇಂದ್ರಜಿತುವಿನ ಮನೆಯ ಶೋಕವನ್ನು ನಮ್ಮವರು ಆರಿಸಿಕೊಂಡರು.

ಅದು ಆಕಸ್ಮಿಕವಾಗಿರಲಿಲ್ಲ. ನಾಗೇಂದ್ರರಾಯರ ನಾಟಕ ಮಂಡಳಿ ಆಡುತ್ತಿದ್ದ ‘ಭೂಕೈಲಾಸ’ ನಾಟಕವೇ 1940ರಲ್ಲಿ ತೆಲುಗು ಚಿತ್ರವಾಯಿತು, ಅದರಲ್ಲಿಯೂ ಸುಬ್ಬಯ್ಯ ನಾಯ್ಡುಗಳೇ ರಾವಣ. 1958ರಲ್ಲಿ ಎ.ವಿ.ಎಂ. ಸಂಸ್ಥೆ ಅದನ್ನು ಹೊಸದಾಗಿ ತಯಾರಿಸಿದಾಗ ತೆಲುಗಿನ ರಾವಣ ಎನ್. ಟಿ. ರಾಮರಾವ್, ಕನ್ನಡದ ರಾವಣ ರಾಜಕುಮಾರ್. ಕಥೆ ಗೋಕರ್ಣದ್ದು. ತಾಯಿಯ ಪೂಜೆಗಾಗಿ ರಾವಣ ಘೋರ ತಪಸ್ಸು ಮಾಡಿ ಶಿವನ ಆತ್ಮಲಿಂಗವನ್ನೇ ತರುತ್ತಾನೆ. ಸಂಧ್ಯಾವಂದನೆಯ ಹೊತ್ತಿಗೆ ಅದನ್ನು ಒಬ್ಬ ದನಗಾಹಿ ಹುಡುಗನ ಕೈಗೆ ಕೊಡುತ್ತಾನೆ. ಗಣಪತಿಯೇ ಆಗಿದ್ದ ಆ ಹುಡುಗ ಲಿಂಗವನ್ನು ನೆಲದ ಮೇಲಿಡುತ್ತಾನೆ. ಕೈಲಾಸವನ್ನೇ ಅಲ್ಲಾಡಿಸಿದ ತೋಳುಗಳು ಒಂದು ಕಲ್ಲನ್ನು ಕೀಳಲಾರದೆ ಹೋಗುತ್ತವೆ. ಗೋಕರ್ಣದ ದೇವರಿಗೆ ಮಹಾಬಲೇಶ್ವರ ಎಂಬ ಹೆಸರು ಬಂದದ್ದು ಹಾಗೆ ಎಂದು ಸ್ಥಳಪುರಾಣ ಹೇಳುತ್ತದೆ. ಬಲಿಷ್ಠನ ಸೋಲೇ ದೇವರ ಹೆಸರಾಯಿತು!

ಮರುವರ್ಷ, 1959ರಲ್ಲಿ, ಬಿ. ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ಯಲ್ಲಿ ರಾಜಕುಮಾರರು ಮಹಿಷಾಸುರ. ಅದೇ ವರ್ಷದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನಾದರೆ ರಾಜಕುಮಾರರು ಬಿಜ್ಜಳ. ದೈಹಿಕ ಬಲ, ಸಿಂಹಾಸನ, ಅಟ್ಟಹಾಸ ಇವೆಲ್ಲವನ್ನೂ ನಮ್ಮ ಚಿತ್ರಗಳು ಸೋಲಲಿರುವವನ ಕೈಗೆ ಧಾರಾಳವಾಗಿ ಕೊಟ್ಟವು. ಅವನನ್ನು ಕೀಳಾಗಿ ಕಾಣಲಿಲ್ಲ. ಪ್ರೇಕ್ಷಕನು ಅವನ ವೈಭವವನ್ನು ಕಣ್ತುಂಬ ನೋಡಿ ಮೆಚ್ಚಬೇಕು, ಅನಂತರ ಆ ವೈಭವ ಎಲ್ಲಿ ತಪ್ಪಿತೆಂದು ಕಾಣಬೇಕು. ಇದು ನಮ್ಮ ಚಿತ್ರಗಳ ರೀತಿ.

ಬಯಲಾಟ ಮತ್ತು ಹಳಗನ್ನಡ

ಈ ರೀತಿಗೆ ಮೂಲವನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಹಡಗಲಿ ತಾಲ್ಲೂಕಿನ ಇಟ್ಟಿಗಿ, ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸೀಮೆ ದೊಡ್ಡಾಟದ ಸೀಮೆ. ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ನಡೆಯುವ ಈ ಬಯಲಾಟಗಳಲ್ಲಿ ಭುಜಕೀರ್ತಿ, ಎದೆಹಾರ, ಎತ್ತರದ ಕಿರೀಟ ತೊಟ್ಟ ರಕ್ಕಸ ಪರದೆಯ ಹಿಂದಿನಿಂದ ಬರುವ ಕ್ಷಣವೇ ಆಟದ ಶಿಖರ. ಮೊದಲು ಕೂಗು, ಅನಂತರ ಪರದೆಯ ಮೇಲಂಚಿನಲ್ಲಿ ಕಿರೀಟ, ಆಮೇಲೆ ಹಲಗೆ ಬಿರಿಯುವಂಥ ಕುಣಿತ. ಸಾರಥಿ ಬಂದು ‘ತಾವು ಧಾರು?’ ಎಂದು ಕೇಳುವ ತನಕ ಅವನು ತನ್ನ ಹೆಸರನ್ನು ಹೇಳುವುದಿಲ್ಲ. ಆ ವೇಷವನ್ನು ಕಟ್ಟಲು ಊರಿನ ಗಟ್ಟಿ ಆಳೇ ಬೇಕು. ಇಂದ್ರಜಿತ್ ಕಾಳಗ, ಬಬ್ರುವಾಹನ ಕಾಳಗಗಳನ್ನು ನೋಡಿ ಬೆಳೆದ ಜನ ಡೇರೆ ಟಾಕೀಸಿನ ಮರಳಿನ ಮೇಲೆ ಕುಳಿತು ರಾವಣನನ್ನು ನೋಡಿದಾಗ ಅವರಿಗೆ ಅವನು ಹೊಸಬನಾಗಿರಲಿಲ್ಲ. ಬಳ್ಳಾರಿಯ ನಾಟಕರಂಗಕ್ಕೆ ಬಂದರೂ ಮಾತು ಬೇರೆಯಲ್ಲ. ವಕೀಲರಾಗಿದ್ದ ಬಳ್ಳಾರಿ ರಾಘವರು ದೊಡ್ಡ ಹೆಸರು ಪಡೆದ ಪಾತ್ರಗಳಲ್ಲಿ ಹಿರಣ್ಯಕಶಿಪು ಒಂದು.

ಇನ್ನೂ ಹಿಂದಕ್ಕೆ ಹೋದರೆ ಹಳಗನ್ನಡ ಕಾವ್ಯವೇ ಎದುರಾಗುತ್ತದೆ. ರನ್ನನ ಗದಾಯುದ್ಧದ ನಾಯಕ ಭೀಮ. ಆದರೆ ಓದುಗನ ಮನಸ್ಸನ್ನು ಹಿಡಿಯುವವನು ಸೋಲುವ ದುರ್ಯೋಧನ. ನಾಗಚಂದ್ರನ ರಾಮಾಯಣದಲ್ಲಿ ರಾವಣನಿಗೆ ಪಶ್ಚಾತ್ತಾಪದ ಘನತೆಯಿದೆ. ಎಲ್ಲಕ್ಕೂ ಮಿಗಿಲಾಗಿ, 941ರಲ್ಲಿ ಪಂಪ ರಚಿಸಿದ ಆದಿಪುರಾಣದ ಬಾಹುಬಲಿಯಿದ್ದಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಅಣ್ಣ ಭರತನನ್ನು ಎತ್ತಿ ಹಿಡಿದ ಗಳಿಗೆಯಲ್ಲಿ ಅವನಿಗೆ ರಾಜ್ಯದ ಮೇಲೆ ಹೇಸಿಕೆ ಹುಟ್ಟುತ್ತದೆ. ಎತ್ತಿದವನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸುತ್ತಾನೆ. ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರಕ್ಕೆ ನಿಂತಿರುವುದು ಆ ಇಳಿಸಿದ ತೋಳುಗಳ ವಿಗ್ರಹ. ಬಲದ ಪರಮಾವಧಿ ಬಲವನ್ನು ಬಿಡುವುದರಲ್ಲಿದೆ ಎಂಬ ಈ ಕಲ್ಪನೆ ಸಾವಿರ ವರ್ಷಗಳಿಂದ ಕನ್ನಡದ ರಕ್ತದಲ್ಲಿ ಹರಿದಿದೆ.

ಮೈಲಾರದ ಜಾತ್ರೆಯಲ್ಲಿಯೂ ಇದೇ ಅರ್ಥ ಬೇರೊಂದು ರೂಪದಲ್ಲಿ ಕಾಣುತ್ತದೆ. ಹಡಗಲಿ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ಕಾರಣಿಕ ನಡೆಯುತ್ತದೆ. ಡೆಂಕನಮರಡಿಯಲ್ಲಿ ಉಪವಾಸವ್ರತದ ಗೊರವಯ್ಯ ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದ ಕೂಡಲೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಅಷ್ಟು ಜನರನ್ನು ಒಂದೇ ಕೂಗಿನಿಂದ ಮೌನವಾಗಿಸುವ ಅಧಿಕಾರ ಯಾವ ದೊರೆಗಿದೆ? ಆದರೆ ನುಡಿ ಮುಗಿದೊಡನೆ ಅವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ, ಕೆಳಗಿನವರು ಕೈಯೊಡ್ಡಿ ಹಿಡಿಯುತ್ತಾರೆ. ಏರಿದವನು ಇಳಿಯಲೇಬೇಕು. ಇದೇ ಜಾತ್ರೆಯಲ್ಲಿ ಕಬ್ಬಿಣದ ಸರಪಳಿಯನ್ನು ಹರಿಯುವ ಪವಾಡವೂ ನಡೆಯುತ್ತದೆ. ಸರಪಳಿ ಹರಿದವನು ಅದನ್ನು ತನ್ನ ತೋಳಿನ ಮಹಿಮೆಯೆಂದು ಹೇಳಿಕೊಳ್ಳುವುದಿಲ್ಲ. ಅದು ಮೈಲಾರಲಿಂಗನ ಮಹಿಮೆ.

ಎರಡು ಜೊತೆ ಕಣ್ಣುಗಳು

ಸರಪಳಿಯ ಮಾತು ಬಂದಾಗ ಸ್ಯಾಮ್ಸನ್ನನ ನೆನಪಾಗುವುದು ಸಹಜ. ಅವನು ಬರಿಗೈಯಲ್ಲಿ ಸಿಂಹವನ್ನು ಸೀಳಿದವನು. ಅವನ ಬಲವಿದ್ದದ್ದು ಕೂದಲಿನಲ್ಲಿ. ಡಿಲೈಲಾ ಎಂಬವಳು ಆ ಗುಟ್ಟನ್ನು ಬಯಲಿಗೆಳೆದಾಗ ಶತ್ರುಗಳು ಅವನ ಕಣ್ಣುಗಳನ್ನು ಕಿತ್ತು ಬೀಸುವ ಕಲ್ಲಿಗೆ ಕಟ್ಟಿದರು. ಕೂದಲು ಮತ್ತೆ ಬೆಳೆಯಿತು. ದೇವಾಲಯದ ಕಂಬಗಳ ನಡುವೆ ನಿಂತು, ಒಮ್ಮೆ ಮಾತ್ರ ಬಲ ಕೊಡೆಂದು ದೇವರನ್ನು ಬೇಡಿ, ಕಂಬಗಳನ್ನು ನೂಕಿ, ಶತ್ರುಗಳೊಂದಿಗೆ ತಾನೂ ಸತ್ತ. ಮಾಳಿಗೆಯ ಮೇಲೆಯೇ ಸುಮಾರು ಮೂರು ಸಾವಿರ ಜನರಿದ್ದರೆಂದು ಬೈಬಲ್ ಹೇಳುತ್ತದೆ. ಡಿಮಿಲ್‌ನ ಚಿತ್ರದಲ್ಲಿ ವಿಕ್ಟರ್ ಮೆಚೂರ್ ಈ ಪಾತ್ರವನ್ನು ಮಾಡಿದ. ಆ ದೇವಾಲಯ ಕುಸಿಯುವ ದೃಶ್ಯಕ್ಕಾಗಿಯೇ ಜನ ಮುಗಿಬಿದ್ದರು.

ಈಗ ನಮ್ಮ ಕಣ್ಣಪ್ಪನನ್ನು ನೋಡಿ. ಅವನೂ ಕಾಡಿನವನು, ಬೇಟೆಯವನು, ತೋಳ್ಬಲದವನು. ಹಂಪೆಯ ಹರಿಹರ ಅವನ ಕಥೆಯನ್ನು ರಗಳೆಯಲ್ಲಿ ಹಾಡಿದ್ದಾನೆ. ಗುಬ್ಬಿ ಕಂಪೆನಿ ರಂಗದ ಮೇಲೆ ಆಡಿದ ಆ ಕಥೆಯನ್ನು 1954ರಲ್ಲಿ ಎಚ್. ಎಲ್. ಎನ್. ಸಿಂಹ ‘ಬೇಡರ ಕಣ್ಣಪ್ಪ’ ಎಂಬ ಹೆಸರಿನಲ್ಲಿ ತೆರೆಗೆ ತಂದರು. ಮುತ್ತುರಾಜ್ ಎಂಬ ರಂಗನಟ ರಾಜಕುಮಾರ್ ಎಂಬ ಹೆಸರಿನಿಂದ ನಾಯಕನಾದದ್ದು ಈ ಚಿತ್ರದಲ್ಲಿ. ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಅವರ ಚಿತ್ರಜೀವನಕ್ಕೂ ಇದು ಮುಖ್ಯವಾದ ಮೆಟ್ಟಿಲು. ಲಿಂಗದ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ಕಂಡು ಬೇಡ ತನ್ನ ಕಣ್ಣನ್ನು ಕಿತ್ತು ಅಲ್ಲಿಗಿಡುತ್ತಾನೆ. ಎರಡನೆಯ ಕಣ್ಣಿನಲ್ಲಿಯೂ ರಕ್ತ ಬಂದಾಗ, ಕುರುಡನಾದ ಮೇಲೆ ಜಾಗ ತಪ್ಪಬಾರದೆಂದು ಗುರುತಿಗೆ ಕಾಲನ್ನು ಅಲ್ಲಿ ಊರಿ, ಇನ್ನೊಂದು ಕಣ್ಣಿಗೂ ಬಾಣವನ್ನು ಎತ್ತುತ್ತಾನೆ.

ಸ್ಯಾಮ್ಸನ್ನನ ಕಣ್ಣನ್ನು ಕಿತ್ತವರು ಶತ್ರುಗಳು. ಕಣ್ಣಪ್ಪನ ಕಣ್ಣನ್ನು ಕಿತ್ತವನು ಕಣ್ಣಪ್ಪನೇ. ಒಬ್ಬನ ಕುರುಡು ಸೇಡಿಗೆ ಕಾರಣವಾಯಿತು, ಇನ್ನೊಬ್ಬನ ಕುರುಡು ಕೊಡುಗೆಯಾಯಿತು. ಒಬ್ಬನ ಕೊನೆಯ ಬಲ ಗುಡಿಯನ್ನು ಕೆಡವಿತು. ಇನ್ನೊಬ್ಬನ ಕೊನೆಯ ಬಲ ಗುಡಿಯ ಬಾಗಿಲನ್ನು ಹೊರಗಿನವನಿಗೆ ತೆರೆಯಿತು. ಕಣ್ಣಪ್ಪನಿಗೆ ಮಂತ್ರ ಬಾರದು, ಮಡಿ ತಿಳಿಯದು. ಗುಡಿಯ ಅಧಿಕಾರ ಹಿಡಿದವರ ಕೈಯಲ್ಲಿ ಅವನು ಪಡುವ ಪಾಡೇ ಕಥೆಯ ಅರ್ಧ. ಆ ಅಧಿಕಾರವನ್ನು ಅವನು ಬಿಲ್ಲುಬಾಣಗಳಿಂದ ಗೆಲ್ಲುವುದಿಲ್ಲ.

ನಮ್ಮ ಸೀಮೆಗೆ ಈ ಕಥೆ ವಿಶೇಷವಾಗಿ ಹತ್ತಿರದ್ದು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಕೋಟೆ ಕಟ್ಟಿ ಆಳಿದವರು ಬೇಡ ನಾಯಕರು. ಅವರ ಶೌರ್ಯದ ಲಾವಣಿಗಳು ಇಲ್ಲಿ ಮನೆಮಾತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕುಗಳು ಮದ್ರಾಸು ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮರುವರ್ಷ ‘ಬೇಡರ ಕಣ್ಣಪ್ಪ’ ಬಂತು. ಕತ್ತಿ ಹಿಡಿದ ನಾಯಕನನ್ನು ಬಲ್ಲ ಜನಕ್ಕೆ ಈ ಚಿತ್ರ ಕಣ್ಣು ಕೊಟ್ಟ ಬೇಡನನ್ನು ತೋರಿಸಿತು. ಇಬ್ಬರೂ ನಮ್ಮವರೇ. ಆದರೆ ಕೈಮುಗಿಸಿಕೊಂಡವನು ಎರಡನೆಯವನು.

ಕಂಠದ ಪೌರುಷ

ಇನ್ನೊಂದು ವ್ಯತ್ಯಾಸವನ್ನು ಹೇಳಬೇಕು. ಹಾಲಿವುಡ್ಡಿನ ವೀರ ಮೈಯಿಂದ ವೀರ. ಅವನು ಮಾತಾಡುವುದು ಕಡಿಮೆ. ನಮ್ಮ ವೀರನ ವೀರತ್ವ ಇರುವುದು ಗಂಟಲಿನಲ್ಲಿ. ಕಂಠೀರವ ಎಂದರೆ ಸಿಂಹ. ಕಂಠದಲ್ಲಿ ರವವುಳ್ಳದ್ದು ಎಂದು ಅದರ ಅರ್ಥ. ಸಿಂಹದ ಉಗುರನ್ನಾಗಲಿ ಹಲ್ಲನ್ನಾಗಲಿ ಹಿಡಿಯದೆ ಅದರ ಧ್ವನಿಯನ್ನು ಹಿಡಿದು ಹೆಸರಿಟ್ಟ ಭಾಷೆ ನಮ್ಮದು. ಕಂಪೆನಿ ನಾಟಕಗಳ ಕಾಲದಲ್ಲಿ ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕಾಗಿತ್ತು, ಕಂದಪದ್ಯ ಮುರಿಯಬಾರದಾಗಿತ್ತು. ಆ ಸಾಧನೆಯೇ ತೆರೆಗೂ ಬಂತು. ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪೆನಿಯಲ್ಲಿ ರಾವಣ, ಕಂಸ, ಹಿರಣ್ಯಕಶಿಪುಗಳಂಥ ರುದ್ರ ಪಾತ್ರಗಳಿಗೆ ಹೆಸರಾದವರು.

ಈ ಪರಂಪರೆಯ ತುತ್ತತುದಿ 1983ರ ‘ಭಕ್ತ ಪ್ರಹ್ಲಾದ’. ತಂದೆ ರಂಗದ ಮೇಲೆ ಮಾಡಿದ ಹಿರಣ್ಯಕಶಿಪುವನ್ನು ಮಗ ತೆರೆಯ ಮೇಲೆ ಮಾಡಿದರು. ಪ್ರಹ್ಲಾದನಾದವನು ಅವರ ಸ್ವಂತ ಮಗ, ಮುಂದೆ ಪುನೀತ್ ಎಂದು ಹೆಸರಾದ ಬಾಲಕ ಲೋಹಿತ್. ಮೂರು ಲೋಕಗಳನ್ನು ಗೆದ್ದವನು ತನ್ನ ಮಡಿಲಿನ ಮಗುವಿನ ನಾಲಗೆಯನ್ನು ಗೆಲ್ಲಲಾರ. ಗರ್ಜನೆಗೂ ತೊದಲುನುಡಿಗೂ ನಡೆದ ಯುದ್ಧವದು, ಗೆದ್ದದ್ದು ತೊದಲುನುಡಿ. ‘ಟೆನ್ ಕಮಾಂಡ್‌ಮೆಂಟ್ಸ್’ನ ರಾಮ್ಸೆಸ್ ಕೂಡ ಮಗನನ್ನು ಕಳೆದುಕೊಳ್ಳುವ ದೊರೆಯೇ. ಆದರೆ ಅಲ್ಲಿ ಮಗು ಸುಮ್ಮನೆ ಸಾಯುತ್ತದೆ, ನಮ್ಮಲ್ಲಿ ಮಗು ವಾದ ಮಾಡುತ್ತದೆ. ಪ್ರಭುತ್ವವನ್ನು ಮನೆಯೊಳಗಿನ ಪ್ರಶ್ನೆಯನ್ನಾಗಿ ಮಾಡಿ, ಅಪ್ಪನ ಅಧಿಕಾರಕ್ಕೂ ಒಂದು ಎಲ್ಲೆಯಿದೆಯೆಂದು ಹೇಳುವ ಧೈರ್ಯ ಈ ಪುರಾಣಕ್ಕಿದೆ.

ಬೆಲೆ ತೆತ್ತವರು ಯಾರು?

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ತ್ಯಾಗವೇ ಗಂಡಸುತನವೆಂದು ನಮ್ಮ ಚಿತ್ರಗಳು ಸಾರಿದ್ದು ನಿಜ. ಆದರೆ ಆ ತ್ಯಾಗಕ್ಕೆ ತೆತ್ತ ಬೆಲೆ ಯಾರ ಗಂಟಿನಿಂದ ಹೋಯಿತು?

1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ ಕನ್ನಡಿಗರು ಮರೆಯದ ಚಿತ್ರ. ಅದಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಹೋಗಿ ನೋಡಿದರು. ಕಥೆಯನ್ನು ಕನ್ನಡಕ್ಕೆ ಅಮರವಾಗಿಸಿದವನು ಹರಿಹರನ ಸೋದರಳಿಯ ರಾಘವಾಂಕ. ಸಿಂಹಾಸನದಿಂದ ಸುಡುಗಾಡಿಗೆ ಇಳಿದರೂ ಮಾತಿಗೆ ತಪ್ಪದ ರಾಜ ಇಲ್ಲಿಯ ನಾಯಕ. ಅವನನ್ನು ಕೊಂಡ ವೀರಬಾಹುವಾಗಿ ನಟಿಸಿದವರು ಮೈಸೂರಿನ ಕುಸ್ತಿಪಟು ಎಂ. ಪಿ. ಶಂಕರ್. ದೊರೆಯ ಮೈ ಬಡವಾಗಿ, ಸುಡುಗಾಡಿನ ಒಡೆಯನ ಮೈ ಬಲಿಷ್ಠವಾಗಿ ತೆರೆಯ ಮೇಲೆ ಕಂಡಾಗ ಕುಲದ ಏಣಿ ಒಂದು ಗಳಿಗೆಯ ಮಟ್ಟಿಗಾದರೂ ತಲೆಕೆಳಗಾಗುತ್ತದೆ. ಇದೆಲ್ಲ ಹೌದು. ಆದರೆ ಸತ್ಯಕ್ಕಾಗಿ ಕಾಶಿಯ ಬೀದಿಯಲ್ಲಿ ಮೊದಲು ಮಾರಾಟವಾದವಳು ಚಂದ್ರಮತಿ. ಮಗನ ಹೆಣವನ್ನು ಹೊತ್ತು ಬಂದವಳು ಅವಳು. ಸುಂಕ ಕೇಳಿಸಿಕೊಂಡವಳು ಅವಳು. ಕೊನೆಗೆ ಗಂಡನ ಕತ್ತಿಗೆ ಕೊರಳೊಡ್ಡಿದವಳೂ ಅವಳೇ. ಪಂಢರಿಬಾಯಿಯವರ ಮುಖದಲ್ಲಿ ಆ ಮೌನ ಎಷ್ಟು ಆಳವಾಗಿ ಮೂಡಿದೆಯೆಂದರೆ, ಹರಿಶ್ಚಂದ್ರನ ಸತ್ಯ ದೊಡ್ಡದೋ ಇವಳ ಸಹನೆ ದೊಡ್ಡದೋ ಎಂದು ನೋಡುವವರು ತೂಗತೊಡಗುತ್ತಾರೆ.

1974ರ ‘ಭಕ್ತ ಕುಂಬಾರ’ದಲ್ಲಿ ಗೋರಾ ಕುಂಬಾರ ನಾಮಸ್ಮರಣೆಯಲ್ಲಿ ಮೈಮರೆತು ಮಣ್ಣು ತುಳಿಯುವಾಗ ಅವನ ಕಾಲಡಿಗೆ ಸಿಕ್ಕಿ ಸಾಯುವುದು ಅವನ ಕೂಸು. ಮುಂದೆ ಅವನು ತನ್ನ ಕೈಗಳನ್ನೇ ಕತ್ತರಿಸಿಕೊಳ್ಳುತ್ತಾನೆ. ದುಡಿಯುವ ಗಂಡಸಿಗೆ ಕೈಗಿಂತ ದೊಡ್ಡ ಬಲವೆಲ್ಲಿದೆ? ಆದರೆ ಆ ಮನೆಯಲ್ಲಿ ಕೂಸನ್ನು ಕಳೆದುಕೊಂಡ ತಾಯಿಯೂ ಇದ್ದಾಳೆ. ಮಂಡೋದರಿ, ಕಯಾದು, ಸುಲೋಚನೆ ಎಲ್ಲರೂ ಗಂಡಸಿನ ಮಹಾಕಾರ್ಯದ ಲೆಕ್ಕವನ್ನು ಕಣ್ಣೀರಿನಲ್ಲಿ ತೀರಿಸಿದವರು. 1977ರ ‘ಬಬ್ರುವಾಹನ’ದಲ್ಲಿ ಮಾತ್ರ ಈ ಲೆಕ್ಕವನ್ನು ಮಗನೊಬ್ಬ ಎದ್ದುನಿಂತು ಕೇಳುತ್ತಾನೆ. ಚಿತ್ರಾಂಗದೆಯ ಶೀಲವನ್ನು ಅರ್ಜುನ ಹೀನಾಯವಾಗಿ ಆಡಿದಾಗ ತಾಯಿಯ ಮಾನಕ್ಕಾಗಿ ಬಬ್ರುವಾಹನ ತಂದೆಯ ಮೇಲೆಯೇ ಬಿಲ್ಲೆತ್ತುತ್ತಾನೆ. ಅರ್ಜುನನೂ ರಾಜಕುಮಾರರೇ, ಬಬ್ರುವಾಹನನೂ ಅವರೇ. ಒಂದೇ ಮುಖದಲ್ಲಿ ಗರ್ವವೂ ಅದರ ವಿಚಾರಣೆಯೂ ಕಾಣಿಸಿದ್ದು ಆ ಚಿತ್ರದ ವಿಶೇಷ.

ಬಾಗದ ತಲೆಗಳು

1960ರಲ್ಲಿ ಎರಡು ಚಿತ್ರಗಳು ಬಂದವು. ‘ಭಕ್ತ ಕನಕದಾಸ’ ಮತ್ತು ‘ರಣಧೀರ ಕಂಠೀರವ’. ಎರಡರಲ್ಲಿಯೂ ನಾಯಕ ರಾಜಕುಮಾರ್. ತುಂಗಭದ್ರೆಯ ಆಚೆ ದಡದ ಹಾವೇರಿ ಸೀಮೆಯ ಬಾಡದಲ್ಲಿ ನಾಯಕನಾಗಿದ್ದ ತಿಮ್ಮಪ್ಪ ಕತ್ತಿಯನ್ನು ಕೆಳಗಿಟ್ಟು ಕನಕದಾಸನಾದ ಕಥೆ ಮೊದಲನೆಯದು. ಎರಡನೆಯದರ ನಾಯಕ 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿದ್ದನೆಂದೂ, ಅದರ ಕೆಳಗೆ ತಲೆಬಾಗಿ ನಡೆಯಲೊಪ್ಪದೆ ಕಂಠೀರವರು ಮಾರುವೇಷದಲ್ಲಿ ಹೋಗಿ ಅವನನ್ನು ಸೋಲಿಸಿದರೆಂದೂ ಜನಜನಿತವಾದ ಕಥೆಯಿದೆ. ಒಂದೇ ವರ್ಷದಲ್ಲಿ ಒಬ್ಬನೇ ನಟ ಬಾಗಿದ ತಲೆಯನ್ನೂ ಬಾಗದ ತಲೆಯನ್ನೂ ತೋರಿಸಿದ. ಜನ ಎರಡನ್ನೂ ಮೆಚ್ಚಿದರು.

ಆದರೆ ಮುಂದಿನ ದಾರಿ ಹೆಚ್ಚಾಗಿ ಎರಡನೆಯ ಕಡೆಗೆ ಹೊರಳಿತು. 1961ರಲ್ಲಿ ‘ಕಿತ್ತೂರು ಚೆನ್ನಮ್ಮ’, 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ‘ಶ್ರೀ ಕೃಷ್ಣದೇವರಾಯ’, 1975ರಲ್ಲಿ ‘ಮಯೂರ’. ಕಾರಣ ಸ್ಪಷ್ಟವಾಗಿದೆ. 1956ರಲ್ಲಿ ಕನ್ನಡನಾಡು ಒಂದಾಯಿತು, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂತು. ಹಲವು ಆಡಳಿತಗಳ ಕೆಳಗೆ ಹಂಚಿಹೋಗಿದ್ದ ಜನಕ್ಕೆ ತಲೆಯೆತ್ತಿ ನಿಂತ ಪೂರ್ವಿಕರು ಬೇಕಾಗಿದ್ದರು. ದೇವುಡು ಅವರ ಕಾದಂಬರಿಯನ್ನು ಆಧರಿಸಿದ ‘ಮಯೂರ’ದಲ್ಲಿ ಕನಕದಾಸನ ಕಥೆ ತಿರುಗುಮುರುಗಾಗಿದೆ. ಕನಕ ಕತ್ತಿ ಬಿಟ್ಟು ತಂಬೂರಿ ಹಿಡಿದ. ಕಂಚಿಯಲ್ಲಿ ಅವಮಾನಿತನಾದ ಕದಂಬರ ಮಯೂರಶರ್ಮ ದರ್ಭೆ ಬಿಟ್ಟು ಕತ್ತಿ ಹಿಡಿದ. ತಾಳಗುಂದದ ಶಾಸನವೂ ಇದನ್ನು ಹೇಳುತ್ತದೆ. ಇದು ಬೇಕಾಗಿದ್ದ ಪಾಠವೇ. ಅವಮಾನವನ್ನು ಸಹಿಸುವುದೆಲ್ಲ ಭಕ್ತಿಯಾಗುವುದಿಲ್ಲ. ಆದರೂ ಬಾಗದ ತಲೆಯನ್ನು ಮಾತ್ರ ನೋಡುತ್ತ ಬೆಳೆದ ಪ್ರೇಕ್ಷಕ ಕಾಲಕ್ರಮದಲ್ಲಿ ಕೇಳುವುದು ಒಂದೇ ಪ್ರಶ್ನೆ: ಗೆದ್ದವನು ಯಾರು? ಯಾತಕ್ಕಾಗಿ ಗೆದ್ದ ಎಂಬುದು ಹಿಂದೆ ಬೀಳುತ್ತದೆ. ಮುಂದಿನ ದಶಕಗಳಲ್ಲಿ ಮಚ್ಚು ಹಿಡಿದ ನಾಯಕ ತೆರೆಗೆ ಬಂದಾಗ ಅವನಿಗೆ ಕಿರೀಟವೂ ಇರಲಿಲ್ಲ, ಕೈಮುಗಿಯಲು ಗುಡಿಯೂ ಇರಲಿಲ್ಲ. ರಾವಣನ ಅಟ್ಟಹಾಸ ಉಳಿಯಿತು, ಗೋಕರ್ಣದ ಕಲ್ಲು ಮರೆತುಹೋಯಿತು.

ತೆರೆಯ ಹೊರಗಿನ ಅಧಿಕಾರದ ಮಾತನ್ನೂ ಇಲ್ಲಿ ಹೇಳಬೇಕು. ತಮಿಳುನಾಡಿನಲ್ಲಿ ಎಂ. ಜಿ. ರಾಮಚಂದ್ರನ್ 1977ರಲ್ಲಿ ಮುಖ್ಯಮಂತ್ರಿಯಾದರು. ತೆರೆಯ ಮೇಲೆ ಕೃಷ್ಣನಾಗಿ ಪೂಜೆ ಪಡೆದ ರಾಮರಾವ್ 1983ರಲ್ಲಿ ಆಂಧ್ರದ ಮುಖ್ಯಮಂತ್ರಿಯಾದರು. ಆ ಹಿಂದಿನ ವರ್ಷವೇ, 1982ರಲ್ಲಿ, ಗೋಕಾಕ್ ಚಳವಳಿಯ ಮುಂದಾಳಾಗಿ ರಾಜಕುಮಾರರು ನಾಡನ್ನೆಲ್ಲ ಸುತ್ತಿದ್ದರು. ಹೋದಲ್ಲೆಲ್ಲ ಜನಸಾಗರ. ಸಿಂಹಾಸನ ಕೈಯಳತೆಯಲ್ಲಿತ್ತೆಂದು ಹಲವರು ಬಗೆದರು. ಅವರು ಚುನಾವಣೆಯ ರಾಜಕೀಯಕ್ಕೆ ಇಳಿಯಲೇ ಇಲ್ಲ, ಅಭಿಮಾನಿಗಳನ್ನು ದೇವರೆಂದು ಕರೆದು ಅವರಿಗೇ ಕೈಮುಗಿದರು. ಭೂಕೈಲಾಸದ ರಾವಣನನ್ನೂ ಬೇಡರ ಕಣ್ಣಪ್ಪನನ್ನೂ ಮೈಯಲ್ಲಿ ತುಂಬಿಕೊಂಡ ನಟನಿಗೆ ಬಲವೆಲ್ಲಿ ನಿಲ್ಲಬೇಕೆಂಬುದು ತಿಳಿದಿರಲಿಲ್ಲವೆಂದು ಹೇಗೆ ಹೇಳೋಣ?

ಹಳ್ಳಿಗಳಲ್ಲಿ ಡೇರೆ ಟಾಕೀಸುಗಳು ಮಾಯವಾಗಿವೆ. ಪೌರಾಣಿಕ ಚಿತ್ರಗಳು ಅಪರೂಪವಾಗಿವೆ. ಅವುಗಳ ರಟ್ಟಿನ ಗದೆ, ಹೊಳಪು ಕಾಗದದ ಕಿರೀಟಗಳನ್ನು ಕಂಡು ಇಂದಿನ ಹುಡುಗರು ನಗಬಹುದು. ನಗಲಿ, ತಪ್ಪಿಲ್ಲ. ಹಿಂದಿನ ಕಾಲವೆಲ್ಲ ಚಿನ್ನವಾಗಿತ್ತೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಚಂದ್ರಮತಿಯ ಕಣ್ಣೀರನ್ನು ಲೆಕ್ಕಕ್ಕೆ ಹಿಡಿದವರು ಹಾಗೆ ಹೇಳಲಾರರು. ಆದರೆ ಆ ರಟ್ಟಿನ ಗದೆಯನ್ನು ಎತ್ತಿದವನಿಗೆ ಅದನ್ನು ಎಲ್ಲಿ ಇಳಿಸಬೇಕೆಂಬ ಕಟ್ಟಳೆಯೊಂದಿತ್ತು. ಇಂದು ತೆರೆಯ ಮೇಲಿನ ಆಯುಧಗಳು ನಿಜದಂತೆ ಹೊಳೆಯುತ್ತವೆ, ಕಟ್ಟಳೆ ಮಾತ್ರ ಕಾಣುವುದಿಲ್ಲ. ಬಲವನ್ನು ತೋರಿಸುವುದು ಸುಲಭ. ಬಲವಿದ್ದೂ ಎದುರಾಳಿಯನ್ನು ಮೆಲ್ಲನೆ ನೆಲಕ್ಕಿಳಿಸಿದ ತೋಳನ್ನು ತೋರಿಸುವುದು ಕಷ್ಟ. ನಮ್ಮ ಗಂಡುಮಕ್ಕಳು ಕಾಣಬೇಕಾದದ್ದು ಆ ತೋಳನ್ನು.